ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಹೀಗೊಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಅಮೆರಿಕದ ಕಾಡಂಚಿನಲ್ಲೊಂದು ಬಿಡಾರ. ಐವತ್ತು ವರ್ಷ ಹಳೆಯದಾದ ಮೋಟಾರ್‌ಹೋಮ್ ಒಂದರಲ್ಲಿ ರಾತ್ರಿ ಕಳೆದ ಕುಟುಂಬ ಬೆಳಿಗ್ಗೆ ಎದ್ದು ಫ್ರಿಜ್ಜಿನ ಬಾಗಿಲು ತೆರೆದರೆ ಐಸ್ ತಟ್ಟೆಯಲ್ಲಿ ಬರೀ ನೀರು. ಹಿಂದಿನ ಸಂಜೆಯವರೆಗೂ ಅದು ಗಟ್ಟಿ ಮಂಜುಗಡ್ಡೆಯಾಗಿಯೇ ಇತ್ತು. ಮನೆಯ ಯಜಮಾನ ಫ್ರಿಜ್ಜಿಗೆ ಮತ್ತೆ ಚಾಲನೆ ಕೊಡುತ್ತಾನೆ. ಹಗಲೆಲ್ಲ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ರಾತ್ರಿ ಕಳೆದು ಬೆಳಗಾದರೆ ಮತ್ತೆ ಅದೇ ಕಥೆ. ‘ಫ್ರಿಜ್ಜಿಗೆ ವಯಸ್ಸಾಯಿತು’ ಎಂದುಕೊಂಡ ಆತ ಊರಿಗೆ ಮರಳಿ ಸಾವಿರಕ್ಕೂ ಹೆಚ್ಚು ಡಾಲರ್ ಸುರಿದು ಹೊಸದನ್ನೇ ತಂದು ಕೂರಿಸುತ್ತಾನೆ. ಮುಂದಿನ ಪ್ರವಾಸದ ಮೊದಲ ಬೆಳಿಗ್ಗೆ ಹೊಸ ಫ್ರಿಜ್ಜಿನ ಐಸ್ ತಟ್ಟೆಯಲ್ಲೂ ನೀರು!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಹಳೆಯ ಯಂತ್ರಗಳ ರಿಪೇರಿಯಲ್ಲಿ ಬರೆ ಹಾಕಿಸಿಕೊಳ್ಳುವ ಎಮ್ಮೆಗಳೇ ಹೆಚ್ಚು. ಲಕ್ಷಣ ಕಂಡ ಜಾಗದಲ್ಲೇ ರೋಗವೂ ಇರಬೇಕೆಂದು ನಾವು ಭಾವಿಸುತ್ತೇವೆ. ಕಾಣಿಸಿದ್ದನ್ನು ಬಿಚ್ಚಿ, ಬದಲಿಸಿ, ಹಣ ತೆತ್ತು ಸುಮ್ಮನಾಗುತ್ತೇವೆ. ರೋಗ ಮಾತ್ರ ಇನ್ನೆಲ್ಲೋ ಅಡಗಿ ಕೂತಿರುತ್ತದೆ. ಹಾಗಾದರೆ ಈ ಕುಟುಂಬದ ಫ್ರಿಜ್ಜಿಗೆ ಆದದ್ದೇನು? ಉತ್ತರಕ್ಕೆ ಮುನ್ನ ಈ ಮೋಟಾರ್‌ಹೋಮ್ ಎಂಬ ವಿಚಿತ್ರ ವಾಹನದ ಒಳಹೊಕ್ಕು ನೋಡಬೇಕು.

ಎರಡು ಯಂತ್ರ, ಒಂದೇ ಚೌಕಟ್ಟು

ಹೊರಗಿನಿಂದ ಬಸ್ಸು, ಒಳಗೆ ಮನೆ. ಇಷ್ಟೇ ಮೋಟಾರ್‌ಹೋಮ್. ಮಲಗಲು ಮಂಚ, ಅಡುಗೆಗೆ ಗ್ಯಾಸ್ ಒಲೆ, ಫ್ರಿಜ್ಜು, ನೀರಿನ ಟ್ಯಾಂಕು, ಬಚ್ಚಲು, ಚಳಿಗೆ ಹೀಟರ್ ಎಲ್ಲವೂ ಚಕ್ರದ ಮೇಲೆ. ಹೋದಲ್ಲೆಲ್ಲ ಮನೆಯೂ ಜೊತೆಗೆ ಬರುತ್ತದೆ. ಅಮೆರಿಕದಲ್ಲಿ ಇಂಥವು 1960 ಹಾಗೂ 70ರ ದಶಕಗಳಲ್ಲಿ ಬಹಳ ಜನಪ್ರಿಯವಾದವು.

ಅವುಗಳಲ್ಲಿ ಒಂದು ಮಾದರಿ ಇಂದಿಗೂ ಹೆಸರುವಾಸಿ. ಜನರಲ್ ಮೋಟಾರ್ಸ್ ಕಂಪನಿಯ ಟ್ರಕ್ ವಿಭಾಗವಾದ ಜಿಎಂಸಿ, 1973ರಿಂದ 1978ರವರೆಗೆ ತಯಾರಿಸಿದ ಮೋಟಾರ್‌ಹೋಮ್ ಅದು. 23 ಅಡಿ ಮತ್ತು 26 ಅಡಿ, ಹೀಗೆ ಎರಡು ಅಳತೆ. ಕಂಪನಿಯದೇ ಆದ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಎಂಬ ಕಾರಿನ ಎಂಜಿನ್ನನ್ನೂ ಗೇರ್ ವ್ಯವಸ್ಥೆಯನ್ನೂ ಇದಕ್ಕೆ ಅಳವಡಿಸಿದ್ದರು. ಆರಂಭದ ಗಾಡಿಗಳಲ್ಲಿ ಎಂಜಿನ್ನಿನ ಗಾತ್ರ ಏಳೂವರೆ ಲೀಟರ್. ನಮ್ಮ ಅಂಬಾಸಡರ್ ಕಾರಿನ ಹಳೆಯ 1.5 ಲೀಟರ್ ಎಂಜಿನ್ನಿನ ಐದು ಪಟ್ಟು! ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನು. ಹೀಗಾಗಿ ಹಿಂದಿನ ಚಕ್ರಗಳಿಗೆ ಶಕ್ತಿ ಸಾಗಿಸುವ ಉದ್ದನೆಯ ದಂಡ ನೆಲದಡಿ ಬೇಕಿಲ್ಲ. ನೆಲ ತಗ್ಗಿನಲ್ಲಿರುತ್ತದೆ, ಒಳಗೆ ನಿಂತು ಓಡಾಡಲು ಜಾಗ ಸಿಗುತ್ತದೆ. ಹಿಂಬದಿಯಲ್ಲಿ ಎಡಕ್ಕೆರಡು, ಬಲಕ್ಕೆರಡು ಚಕ್ರಗಳು ಒಂದರ ಹಿಂದೊಂದು ಇವೆ. ಅವುಗಳ ಭಾರ ಹೊರುವುದು ಉಕ್ಕಿನ ಪಟ್ಟಿಗಳಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳು.

ಒಟ್ಟು 13 ಸಾವಿರಕ್ಕೂ ತುಸು ಕಡಿಮೆ ಗಾಡಿಗಳು ತಯಾರಾದವು. 1978ರಲ್ಲಿ ಉತ್ಪಾದನೆ ನಿಂತಿತು. ಆದರೂ ಅವುಗಳಲ್ಲಿ ಹಲವು ಇಂದಿಗೂ ರಸ್ತೆಯ ಮೇಲಿವೆ. ಮಾಲೀಕರೇ ಸಂಘ ಕಟ್ಟಿಕೊಂಡು, ಸಿಗದ ಬಿಡಿಭಾಗಗಳನ್ನು ಹೊಸದಾಗಿ ಮಾಡಿಸಿಕೊಂಡು, ರಿಪೇರಿಯ ಅನುಭವವನ್ನು ಒಬ್ಬರಿಗೊಬ್ಬರು ದಾಟಿಸುತ್ತ ಅವನ್ನು ಬದುಕಿಸಿಕೊಂಡಿದ್ದಾರೆ.

ಇಂಥ ಗಾಡಿಯನ್ನು ನೋಡಿಕೊಳ್ಳುವುದು ಕಾರನ್ನು ನೋಡಿಕೊಂಡಂತೆ ಅಲ್ಲ. ಇಲ್ಲಿ ಎರಡು ಯಂತ್ರಗಳಿವೆ: ಓಡುವ ವಾಹನ ಒಂದು, ವಾಸದ ಮನೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಬ್ಯಾಟರಿ, ಬೇರೆ ಬೇರೆ ವೈರುಗಳು. ಆದರೆ ಇವೆರಡೂ ಒಂದೇ ಚೌಕಟ್ಟಿನ ಮೇಲೆ ಕೂತಿರುವುದರಿಂದ ಒಂದರ ಕಾಯಿಲೆ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ.

ನಿಂತಲ್ಲೇ ಮುಪ್ಪು

ಬಾಡಿಗೆ ಟ್ಯಾಕ್ಸಿ ಓಡಿ ಓಡಿ ಸವೆಯುತ್ತದೆ. ಮೋಟಾರ್‌ಹೋಮ್ ನಿಂತು ನಿಂತು ಸವೆಯುತ್ತದೆ. ವರ್ಷದ ಕೆಲವೇ ವಾರ ಪ್ರವಾಸ. ಮಿಕ್ಕ ದಿನವೆಲ್ಲ ಅಂಗಳದಲ್ಲಿ ಬಿಸಿಲು, ಮಳೆ, ಹಿಮ. ಮೈಲಿ ತೋರಿಸುವ ಮೀಟರು ಕಡಿಮೆ ಅಂಕಿ ತೋರಿಸುತ್ತಿದೆಯೆಂದು ಹಿಗ್ಗುವವರು ಮೋಸ ಹೋಗುವುದು ಇಲ್ಲೇ.

ಟೈರನ್ನೇ ನೋಡಿ. ಅದರ ಮೇಲಿನ ಪಟ್ಟೆಗಳು ಹೊಸದರಂತೆ ಆಳವಾಗಿರಬಹುದು. ಆದರೆ ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಓಜೋನ್ ರಬ್ಬರನ್ನು ಒಳಗೊಳಗೇ ಒಣಗಿಸಿ ಬಿರುಕು ಬಿಡಿಸುತ್ತವೆ. ಸುಮಾರು ಐದು ಟನ್ ತೂಕದ ಗಾಡಿ ಹೆದ್ದಾರಿಯಲ್ಲಿ ಓಡುವಾಗ ಮುಂದಿನ ಟೈರು ಒಡೆದರೆ ಚಾಲಕನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಹಾಗಾದರೆ ಟೈರಿನ ವಯಸ್ಸು ತಿಳಿಯುವುದು ಹೇಗೆ? ಅದರ ಪಕ್ಕೆಯ ಮೇಲೆ ಜಾತಕ ಅಚ್ಚಾಗಿರುತ್ತದೆ. 2000ದಿಂದೀಚೆಗೆ ತಯಾರಾದ ಟೈರುಗಳಲ್ಲಿ ಉದ್ದನೆಯ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು. ‘2319’ ಎಂದಿದ್ದರೆ 2019ನೆಯ ವರ್ಷದ 23ನೆಯ ವಾರ ಎಂದರ್ಥ. ಕೊನೆಯಲ್ಲಿ ಮೂರೇ ಅಂಕಿ ಇದ್ದರೆ ಆ ಟೈರು ಹಿಂದಿನ ಶತಮಾನದ್ದು. ಅದನ್ನು ನಂಬಿ ಮನೆಯ ಗೇಟು ದಾಟಬಾರದು. ಐದು ವರ್ಷವಾದ ಮೇಲೆ ಪ್ರತಿವರ್ಷ ಪರೀಕ್ಷಿಸಿ, ಹತ್ತು ವರ್ಷವಾದರೆ ಪಟ್ಟೆ ಹೇಗೇ ಇರಲಿ ಬದಲಿಸಿ ಎಂದು ಟೈರು ತಯಾರಕರೇ ಹೇಳುತ್ತಾರೆ.

ಬ್ಯಾಟರಿಯದೂ ಇದೇ ಕಥೆ. ನಮ್ಮ ಮನೆಗಳ ಯುಪಿಎಸ್‌ನಲ್ಲಿರುವಂಥದೇ ಸೀಸ-ಆಮ್ಲದ ಬ್ಯಾಟರಿ ಮೋಟಾರ್‌ಹೋಮ್‌ನಲ್ಲೂ ಇರುತ್ತದೆ. ಚಾರ್ಜು ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಕೂರುತ್ತದೆ. ಆಮೇಲೆ ಎಷ್ಟೇ ಚಾರ್ಜು ಮಾಡಿದರೂ ಹಳೆಯ ಶಕ್ತಿ ಮರಳುವುದಿಲ್ಲ. ಪೂರ್ಣ ಚಾರ್ಜಾದ ‘12 ವೋಲ್ಟ್’ ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿ ಪಡೆದ ನಂತರ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧದ ಆಸುಪಾಸು. 11.9 ಎಂದರೆ ಹೆಚ್ಚುಕಡಿಮೆ ಖಾಲಿ. ಗಾಡಿ ನಿಲ್ಲಿಸುವ ಮುನ್ನ ಚಾರ್ಜು ತುಂಬಿಸಿ ತಂತಿ ಕಳಚಿಟ್ಟರೆ ಬ್ಯಾಟರಿ ವರ್ಷಾನುಗಟ್ಟಲೆ ಬಾಳುತ್ತದೆ. ಇಷ್ಟು ಮಾಡದೆ ಪ್ರತಿವರ್ಷ ಹೊಸ ಬ್ಯಾಟರಿ ಕೊಳ್ಳುವವರೂ ಇದ್ದಾರೆ.

ಇಬ್ಬರು ವಿದ್ಯಾರ್ಥಿಗಳ ಫ್ರಿಜ್ಜು

ಈಗ ಫ್ರಿಜ್ಜಿನ ಕಡೆ ಬರೋಣ. ಮನೆಯ ಫ್ರಿಜ್ಜು ಆಗಾಗ ಗುಂಯ್ ಎನ್ನುತ್ತದಲ್ಲ, ಅದು ಕಂಪ್ರೆಸರ್‌ನ ಸದ್ದು. ಹಳೆಯ ಮೋಟಾರ್‌ಹೋಮ್‌ಗಳ ಫ್ರಿಜ್ಜುಗಳಲ್ಲಿ ಹೆಚ್ಚಿನವಕ್ಕೆ ಕಂಪ್ರೆಸರ್ರೇ ಇಲ್ಲ. ಅವು ಬೆಂಕಿಯಿಂದ ತಂಪು ಮಾಡುತ್ತವೆ! ಫ್ರಿಜ್ಜಿನ ಬೆನ್ನಿಗೆ ಒಂದು ಪುಟ್ಟ ಗ್ಯಾಸ್ ಜ್ವಾಲೆ ಉರಿಯುತ್ತಿರುತ್ತದೆ. ಮುಂದೆ ಐಸ್ ಕಟ್ಟುತ್ತಿರುತ್ತದೆ.

ಈ ಉಪಾಯವನ್ನು 1922ರಲ್ಲಿ ಹೊಸೆದವರು ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು: ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಇದನ್ನು ಕೊಂಡು ಜಗತ್ತಿಗೆಲ್ಲ ಮಾರಿತು.

ಅದರ ಒಳಗುಟ್ಟು ಸರಳ. ಮುಚ್ಚಿದ ಉಕ್ಕಿನ ಕೊಳವೆಯೊಳಗೆ ನೀರು, ಅಮೋನಿಯಾ ಮತ್ತು ಜಲಜನಕ ಇವೆ. ಜ್ವಾಲೆಯ ಶಾಖಕ್ಕೆ ಅಮೋನಿಯಾ ನೀರಿನಿಂದ ಬಿಡಿಸಿಕೊಂಡು ಆವಿಯಾಗಿ ಮೇಲೇರುತ್ತದೆ. ಮೇಲೆ ರೆಕ್ಕೆಗಳಿರುವ ಕೊಳವೆಯಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಕೊಟ್ಟು ದ್ರವವಾಗುತ್ತದೆ. ಆ ದ್ರವ ತಂಪುಪೆಟ್ಟಿಗೆಯ ಕೊಳವೆಗೆ ಜಾರಿದಾಗ ಅಲ್ಲಿ ಜಲಜನಕ ತುಂಬಿರುತ್ತದೆ. ಪಿಯುಸಿ ವಿದ್ಯಾರ್ಥಿಗಳಿಗೆ ಡಾಲ್ಟನ್ನನ ನಿಯಮ ನೆನಪಿರಬಹುದು. ಒಟ್ಟು ಒತ್ತಡ ಎಲ್ಲೆಡೆ ಒಂದೇ ಆದರೂ ಇಲ್ಲಿ ಅಮೋನಿಯಾದ ಆಂಶಿಕ ಒತ್ತಡ ಕಡಿಮೆ. ಆದ್ದರಿಂದ ಅದು ಸುಲಭವಾಗಿ ಆವಿಯಾಗಿ ಸುತ್ತಲಿನ ಶಾಖವನ್ನು ಹೀರುತ್ತದೆ. ಐಸ್ ಕಟ್ಟುವುದು ಆಗಲೇ. ಆಮೇಲೆ ಕೆಳಗಿರುವ ನೀರು ಅಮೋನಿಯಾವನ್ನು ಮತ್ತೆ ಹೀರಿಕೊಳ್ಳುತ್ತದೆ. ಬಿಡುಗಡೆಯಾದ ಜಲಜನಕ ಮೇಲಕ್ಕೆ ಮರಳುತ್ತದೆ. ಹೀಗೆ ಸುತ್ತು ಪೂರ್ತಿಯಾಗುತ್ತದೆ.

ಈ ಸುತ್ತಿನಲ್ಲಿ ಪಂಪಿಲ್ಲ, ಚಲಿಸುವ ಒಂದೇ ಒಂದು ಬಿಡಿಭಾಗವೂ ಇಲ್ಲ. ದ್ರವ ಇಳಿದು ಬರುವುದು ಗುರುತ್ವದ ಬಲದಿಂದ ಮಾತ್ರ. ಆದ್ದರಿಂದಲೇ ಈ ಫ್ರಿಜ್ಜು ಸಮತಟ್ಟಾಗಿ ನಿಂತಿರಬೇಕು. ವಾಲಿದರೆ ದ್ರವ ಎಲ್ಲೋ ಮಡುಗಟ್ಟುತ್ತದೆ. ಜ್ವಾಲೆಯ ಬಳಿಯ ಕೊಳವೆ ಒಣಗಿ ವಿಪರೀತ ಕಾಯುತ್ತದೆ. ತುಕ್ಕು ಹಿಡಿಯದಿರಲೆಂದು ಸೇರಿಸಿರುವ ಸೋಡಿಯಂ ಕ್ರೋಮೇಟ್ ಅಲ್ಲೇ ಗಸಿಯಾಗಿ ಕೂತು ದಾರಿ ಮುಚ್ಚುತ್ತದೆ. ಹೀಗೆ ಒಮ್ಮೆ ಕೆಟ್ಟರೆ ರಿಪೇರಿ ಕಷ್ಟ.

ಅನುಭವಸ್ಥರು ಫ್ರಿಜ್ಜು ತಂಪಾಗುತ್ತಿಲ್ಲವೆಂದರೆ ಸ್ಪ್ಯಾನರ್ ಹುಡುಕುವುದಿಲ್ಲ. ಗಾರೆ ಕೆಲಸದವರು ಬಳಸುವ, ಗಾಳಿಗುಳ್ಳೆಯಿರುವ ಮಟ್ಟದ ಪಟ್ಟಿಯನ್ನು ತಂದು ಫ್ರಿಜ್ಜಿನ ಒಳತಟ್ಟೆಯ ಮೇಲಿಡುತ್ತಾರೆ. ಗುಳ್ಳೆ ಒಂದು ಬದಿಗೆ ಸರಿದಿದ್ದರೆ ಗಾಡಿಯ ಹಿಂಬದಿಯನ್ನು ನೋಡುತ್ತಾರೆ. ಜಿಎಂಸಿ ಗಾಡಿಯ ಗಾಳಿಚೀಲಗಳು ನೆನಪಿವೆಯಲ್ಲ? ಸಂಜೆ ನೆಟ್ಟಗೆ ನಿಂತ ಗಾಡಿಯ ಒಂದು ಚೀಲದಿಂದ ರಾತ್ರಿಯಿಡೀ ಗಾಳಿ ಸೋರಿದರೆ ಬೆಳಗಿನ ಹೊತ್ತಿಗೆ ಆ ಮೂಲೆ ತಗ್ಗಿರುತ್ತದೆ. ಅಲ್ಲಿಗೆ ಫ್ರಿಜ್ಜು ವಾಲಿತು! ಚಕ್ರದ ಬಳಿಯ ಕೀಲೊಂದರಲ್ಲಿ ಗಾಳಿ ಸೋರಿದ್ದಕ್ಕೆ ಅಡುಗೆಮನೆಯಲ್ಲಿ ಐಸ್ ಕರಗುತ್ತದೆ. ಸೋಪಿನ ನೀರು ಸವರಿದರೆ ಸೋರುವ ಜಾಗ ಗುಳ್ಳೆಯೆಬ್ಬಿಸಿ ತಾನೇ ಸಿಕ್ಕಿಬೀಳುತ್ತದೆ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಲ್ಲಿ ಮುಳುಗಿಸಿ ನೋಡುವ ವಿದ್ಯೆಯೇ ಇದು.

ಇನ್ನೊಂದು ಆರೋಪಿ ಜೇಡ. ನಿಂತ ಗಾಡಿಯ ಬರ್ನರ್ ಕೊಳವೆಯೊಳಗೆ ಜೇಡ ಬಲೆ ನೇಯುವುದು, ಕಣಜ ಮಣ್ಣಿನ ಗೂಡು ಕಟ್ಟುವುದು ಸಾಮಾನ್ಯ. ಒಂದಿಷ್ಟೇ ಬಲೆ ಸಾಕು, ಗ್ಯಾಸಿಗೆ ಬೆರೆಯಬೇಕಾದ ಗಾಳಿಗೆ ತಡೆಯಾಗುತ್ತದೆ. ಆಗ ನೀಲಿ ಜ್ವಾಲೆ ಹಳದಿಯಾಗುತ್ತದೆ, ಮಸಿ ಕಟ್ಟುತ್ತದೆ, ಶಾಖ ಸಾಲದೆ ಫ್ರಿಜ್ಜು ತಂಪಾಗುವುದಿಲ್ಲ.

ನಮ್ಮ ಕುಟುಂಬದ ಗಾಡಿ ನೆಟ್ಟಗೇ ನಿಂತಿತ್ತು. ಜ್ವಾಲೆಯೂ ನೀಲಿಯಾಗಿಯೇ ಇತ್ತು. ಅಲ್ಲದೆ ಹಗಲಲ್ಲಿ ಫ್ರಿಜ್ಜು ಕೆಲಸ ಮಾಡುತ್ತಿತ್ತು. ಅಂದಮೇಲೆ ಕಳ್ಳ ಬೇರೆಯೇ ಇರಬೇಕು.

ಓಮ್ ನಿಯಮ ಮತ್ತು ತುಕ್ಕು ಹಿಡಿದ ಸ್ಕ್ರೂ

ಹಗಲಿಗೂ ರಾತ್ರಿಗೂ ಏನು ವ್ಯತ್ಯಾಸ? ಈ ಪ್ರಶ್ನೆಯನ್ನು ಯಜಮಾನ ಹೊಸ ಫ್ರಿಜ್ಜು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಿತ್ತು. ರಾತ್ರಿ ಚಳಿ. ಚಳಿಗೆ ಹೀಟರ್ ಹಾಕುತ್ತಾರೆ. ಹೀಟರ್ ಉರಿಯುವುದು ಗ್ಯಾಸಿನಿಂದಲೇ ಆದರೂ ಬಿಸಿಗಾಳಿಯನ್ನು ಊದಲು ಬ್ಯಾಟರಿಯಿಂದ ನಡೆಯುವ ಫ್ಯಾನು ಬೇಕು. ಇತ್ತ ಫ್ರಿಜ್ಜು ಕೂಡ ಗ್ಯಾಸಿನಿಂದ ನಡೆದರೂ ಅದರ ಜ್ವಾಲೆಯನ್ನು ಹೊತ್ತಿಸಿ ಕಾಯುವ ಎಲೆಕ್ಟ್ರಾನಿಕ್ ಫಲಕಕ್ಕೆ ಅದೇ ಬ್ಯಾಟರಿ ಆಸರೆ. ಎರಡರ ಅರ್ತಿಂಗ್ ವೈರುಗಳೂ ಚೌಕಟ್ಟಿನ ಒಂದೇ ಸ್ಕ್ರೂಗೆ ಬಂದು ಸೇರುತ್ತವೆ. ಆ ಸ್ಕ್ರೂ ಐವತ್ತು ವರ್ಷಗಳ ತುಕ್ಕು ತಿಂದಿದೆ.

ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿ ಸಾಕು. ತುಕ್ಕಿನಿಂದ ಆ ಕೀಲಿನಲ್ಲಿ 0.3 ಓಮ್ ರೋಧ ಸೇರಿದೆ ಎನ್ನಿ. ಕೇಳಲು ಏನೂ ಅಲ್ಲದ ಅಂಕಿ. ಹಗಲಲ್ಲಿ ಫ್ರಿಜ್ಜಿನ ಫಲಕ ಎಳೆಯುವ ವಿದ್ಯುತ್ತು ಅರ್ಧ ಆಂಪಿಯರ್ ಎಂದುಕೊಂಡರೆ ಅಲ್ಲಿ ನಷ್ಟವಾಗುವುದು 0.15 ವೋಲ್ಟ್. ಯಾರ ಗಮನಕ್ಕೂ ಬಾರದು. ರಾತ್ರಿ ಹೀಟರಿನ ಫ್ಯಾನು, ದೀಪ, ನೀರಿನ ಪಂಪು ಸೇರಿ 10 ಆಂಪಿಯರ್ ಹರಿದಾಗ? 10ನ್ನು 0.3ರಿಂದ ಗುಣಿಸಿದರೆ 3 ವೋಲ್ಟ್. ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಜ್ಜಿನ ಫಲಕಕ್ಕೆ ತಲುಪುವುದು 9.2 ಮಾತ್ರ. ಅಷ್ಟರಲ್ಲಿ ಅದು ಕೆಲಸ ಮಾಡಲಾರದೆ ಗ್ಯಾಸಿನ ಕವಾಟ ಮುಚ್ಚಿಬಿಡುತ್ತದೆ. ಬೆಳಗಾಗುವುದರೊಳಗೆ ಐಸ್ ನೀರಾಗಿರುತ್ತದೆ. ಫ್ರಿಜ್ಜು ಹಳೆಯದಾದರೇನು, ಹೊಸದಾದರೇನು?

ಇಂಥ ದೋಷ ಸುಲಭವಾಗಿ ಸಿಗುವುದಿಲ್ಲ. ಅದಕ್ಕೂ ಓಮ್ ನಿಯಮವೇ ಕಾರಣ. ಎಲ್ಲ ಸ್ವಿಚ್ಚುಗಳನ್ನು ಆರಿಸಿ ಮಲ್ಟಿಮೀಟರ್ ಹಿಡಿದರೆ ಫ್ರಿಜ್ಜಿನ ಬಳಿ ಪೂರ್ಣ 12.2 ವೋಲ್ಟ್ ಕಾಣುತ್ತದೆ. ವಿದ್ಯುತ್ತೇ ಹರಿಯದಿದ್ದಾಗ ಸೊನ್ನೆಯನ್ನು ಯಾವ ರೋಧದಿಂದ ಗುಣಿಸಿದರೂ ಸೊನ್ನೆಯೇ. ‘ವೈರಿಂಗ್ ಸರಿಯಿದೆ’ ಎಂದು ಮೆಕ್ಯಾನಿಕ್ಕೂ ಪ್ರಮಾಣ ಮಾಡುತ್ತಾನೆ. ಸರಿಯಾದ ವಿಧಾನವೆಂದರೆ ಫ್ಯಾನು, ಪಂಪು, ದೀಪ ಎಲ್ಲವನ್ನೂ ಚಾಲೂ ಮಾಡಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಫ್ರಿಜ್ಜಿನ ಋಣ ತುದಿಗೂ ಹಿಡಿಯುವುದು. ಅವೆರಡೂ ಒಂದೇ ವೈರಿನ ಎರಡು ತುದಿಗಳಿದ್ದಂತೆ. ಮೀಟರು ಸೊನ್ನೆಯ ಹತ್ತಿರ ನಿಲ್ಲಬೇಕು. ಮೂರು ವೋಲ್ಟ್ ತೋರಿಸಿತೋ, ಕಳ್ಳ ಆ ಹಾದಿಯಲ್ಲೇ ಇದ್ದಾನೆ. ಸ್ಕ್ರೂ ಬಿಚ್ಚಿ, ಮರಳುಕಾಗದದಿಂದ ಉಜ್ಜಿ, ಮತ್ತೆ ಬಿಗಿ ಮಾಡಿದರೆ ಮುಗಿಯಿತು.

ಕುದಿಯುವ ಪೆಟ್ರೋಲು

ಎಂಜಿನ್ನಿನ ಕಡೆಯೂ ಇಂಥ ಒಗಟುಗಳಿವೆ. ಸುಡುಬಿಸಿಲಿನಲ್ಲಿ ಗುಡ್ಡ ಹತ್ತುತ್ತಿರುವ ಗಾಡಿ ಮುಗ್ಗರಿಸಿ ನಿಲ್ಲುತ್ತದೆ. ಎಷ್ಟು ತಿರುಗಿಸಿದರೂ ಹತ್ತುವುದಿಲ್ಲ. ಗಂಟೆ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಓಡತೊಡಗುತ್ತದೆ. ಕಾರ್ಬ್ಯುರೇಟರ್ ಬಿಚ್ಚುತ್ತಾರೆ, ಇಗ್ನಿಷನ್ ಕಾಯಿಲ್ ಬದಲಿಸುತ್ತಾರೆ. ಮುಂದಿನ ಬೇಸಿಗೆಯಲ್ಲಿ ಮತ್ತೆ ಅದೇ ಗುಡ್ಡ, ಅದೇ ಜಾಗ.

ಇಲ್ಲಿ ಪೆಟ್ರೋಲು ಕೊಳವೆಯೊಳಗೇ ಕುದಿಯುತ್ತಿದೆ. ಹಳೆಯ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೆ ಅಂಟಿಕೊಂಡಿರುತ್ತದೆ, ಟ್ಯಾಂಕು ದೂರದಲ್ಲಿದೆ. ಪಂಪು ಅಷ್ಟು ದೂರದಿಂದ ಹೀರಿ ಎಳೆಯುವಾಗ ಕೊಳವೆಯೊಳಗಿನ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದರೆ ಕುದಿಯುವ ಬಿಂದುವೂ ತಗ್ಗುತ್ತದೆ. ಬೆಟ್ಟದ ಮೇಲೆ ಬೇಳೆ ಬೇಯಲು ತಡವಾಗುವುದು ಇದೇ ಕಾರಣಕ್ಕೆ. ಎಂಜಿನ್ನಿನ ಕಾವೂ ಸೇರಿದಾಗ ಪೆಟ್ರೋಲು ಆವಿಯಾಗುತ್ತದೆ. ದ್ರವವನ್ನು ಎತ್ತಲೆಂದೇ ಮಾಡಿದ ಪಂಪು ಆವಿಯನ್ನು ಎತ್ತಲಾರದು. ನಮ್ಮಲ್ಲೂ ಅಂಬಾಸಡರ್ ಓಡಿಸುತ್ತಿದ್ದ ಹಳೆಯ ಚಾಲಕರು ಘಾಟಿಯಲ್ಲಿ ಗಾಡಿ ನಿಲ್ಲಿಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಪುಸ್ತಕ ಓದದೆಯೂ ಅವರು ರೋಗ ಹಿಡಿದಿದ್ದರು.

ಶಾಶ್ವತ ಪರಿಹಾರವೆಂದರೆ ಟ್ಯಾಂಕಿನ ಬಳಿಯೇ ವಿದ್ಯುತ್ ಪಂಪು ಇಟ್ಟು ಪೆಟ್ರೋಲನ್ನು ಹಿಂದಿನಿಂದ ತಳ್ಳುವುದು. ತಳ್ಳಿದಾಗ ಕೊಳವೆಯ ಒತ್ತಡ ಏರುತ್ತದೆ, ಕುದಿತ ನಿಲ್ಲುತ್ತದೆ. ಆದರೆ ಎಂಜಿನ್ನು ನಿಂತೊಡನೆ ಆ ಪಂಪೂ ನಿಲ್ಲುವಂತೆ ಏರ್ಪಾಡು ಇರಲೇಬೇಕು. ಇಲ್ಲವಾದರೆ ಅಪಘಾತದಲ್ಲಿ ಕೊಳವೆ ತುಂಡಾದರೂ ಪಂಪು ಪೆಟ್ರೋಲನ್ನು ಸುರಿಯುತ್ತಲೇ ಇರುತ್ತದೆ.

ಇನ್ನೊಂದು ಮಾತು. ಈಗ ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ನಮ್ಮಲ್ಲೂ ಶೇಕಡಾ 20ರ ಮಿಶ್ರಣ ಬಂದಿದೆ. 1970ರ ದಶಕದ ರಬ್ಬರ್ ಕೊಳವೆಗಳನ್ನು ಎಥನಾಲಿಗೆಂದು ಮಾಡಿದ್ದಲ್ಲ. ಅವು ಮೆತ್ತಗಾಗಿ, ಬಿರಿದು, ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವ ಅಪಾಯವಿದೆ. ಹಳೆಯ ಗಾಡಿ ಕೊಂಡವರು ಮೊದಲ ಪ್ರವಾಸಕ್ಕೆ ಮುನ್ನವೇ ಈ ಕೊಳವೆಗಳನ್ನೆಲ್ಲ ಬದಲಿಸುವುದು ಲೇಸು.

ಕಾಣದ ನೀರು

ಹಳೆಯ ಮೋಟಾರ್‌ಹೋಮ್‌ಗಳನ್ನು ಗುಜರಿಗೆ ಅಟ್ಟುವುದರಲ್ಲಿ ಎಂಜಿನ್ನಿಗಿಂತ ನೀರಿನ ಕೈವಾಡ ದೊಡ್ಡದು. ಕಿಟಕಿಯ ಸುತ್ತಲಿನ ರಬ್ಬರ್ ಪಟ್ಟಿ, ಚಾವಣಿಯ ಗಾಳಿಕಿಂಡಿಯ ಅಂಚು, ದೀಪದ ಸ್ಕ್ರೂ, ಎಲ್ಲಿ ಸಂದು ಸಿಕ್ಕರೂ ಮಳೆ ಒಳಗಿಳಿಯುತ್ತದೆ. ಮರದ ಚೌಕಟ್ಟಿನ ಗಾಡಿಯಾದರೆ ಗೋಡೆ ಒಳಗೊಳಗೇ ಕೊಳೆತು, ಹೊರಗೆ ಬಣ್ಣ ಮಾತ್ರ ಉಳಿಯುತ್ತದೆ. ಜಿಎಂಸಿಯ ಮೈ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸಿನದು; ಅವು ಕೊಳೆಯುವುದಿಲ್ಲ. ಆ ಗಾಡಿಗಳು ಇಷ್ಟು ಕಾಲ ಬಾಳಿರುವುದಕ್ಕೆ ಇದೂ ಒಂದು ಕಾರಣ. ಆದರೂ ಒಳಗಿನ ಪ್ಲೈವುಡ್ ನೆಲ, ಕೆಳಗಿನ ಉಕ್ಕಿನ ಚೌಕಟ್ಟು ನೀರಿಗೆ ಹೆದರಲೇಬೇಕು.

ಸೋರಿಕೆ ಹುಡುಕುವಾಗಲೂ ಎಮ್ಮೆಗೆ ಬರೆ ಬೀಳುವುದುಂಟು. ನೀರು ತೊಟ್ಟಿಕ್ಕುವ ಜಾಗದ ನೆತ್ತಿಯಲ್ಲೇ ತೂತು ಇರಬೇಕೆಂದಿಲ್ಲ. ಅದು ಚಾವಣಿಯ ಪಟ್ಟಿಯ ಗುಂಟ ಅಡಿಗಟ್ಟಲೆ ಹರಿದು, ಎಲ್ಲೋ ಕೆಳಗಿಳಿದಿರುತ್ತದೆ. ಮಲೆನಾಡಿನ ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಬ್ಬರು ಒಳಗೆ ಕೂತು ನೋಡುತ್ತಿರಬೇಕು. ಇನ್ನೊಬ್ಬರು ಹೊರಗಿನಿಂದ ಕೆಳಗಿನಂಚಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ನೀರು ಬಿಡುತ್ತ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು ಯಾವುದು ತಪ್ಪಿತಸ್ಥ ಎಂಬುದೇ ತಿಳಿಯುವುದಿಲ್ಲ.

ಚಳಿದೇಶಗಳಲ್ಲಿ ಇನ್ನೊಂದು ಕಾಟ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಕೊಳವೆಯಲ್ಲಿ ಉಳಿದ ನೀರು ಒಂದೇ ರಾತ್ರಿಯಲ್ಲಿ ಪಂಪನ್ನೂ ನಲ್ಲಿಯನ್ನೂ ಸೀಳಿಬಿಡಬಲ್ಲದು. ಸೀಳು ಗೊತ್ತಾಗುವುದು ಬೇಸಿಗೆ ಬಂದು ನೀರು ತುಂಬಿಸಿದಾಗಲೇ. ಚಳಿಗಾಲಕ್ಕೆ ಮೊದಲು ಕೊಳವೆಗಳನ್ನು ಪೂರ್ತಿ ಬಸಿದು, ಕುಡಿಯುವ ನೀರಿನ ಕೊಳವೆಗೆ ಹಾಕಲೆಂದೇ ಸಿಗುವ ಪ್ರೊಪಿಲೀನ್ ಗ್ಲೈಕಾಲ್ ತುಂಬಿಡುತ್ತಾರೆ. ಎಂಜಿನ್ನಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ಹೆಸರು ಹತ್ತಿರವೆಂದು ಅದನ್ನು ಇಲ್ಲಿ ಬಳಸಿದರೆ ಪ್ರಾಣಕ್ಕೇ ಸಂಚಕಾರ.

ಕೈ ಹಾಕಬಾರದ ಜಾಗ

ತಾನೇ ರಿಪೇರಿ ಮಾಡಿಕೊಳ್ಳುವ ಹುಮ್ಮಸ್ಸು ಒಳ್ಳೆಯದೇ. ಆದರೆ ಗಡಿ ಎಲ್ಲಿದೆ ಎಂಬುದು ಗೊತ್ತಿರಬೇಕು. ಗಾಡಿಯ ಗ್ಯಾಸು ಪ್ರೊಪೇನ್. ನಮ್ಮ ಅಡುಗೆಮನೆಯ ಎಲ್‌ಪಿಜಿಯಂತೆ ಅದೂ ಗಾಳಿಗಿಂತ ಭಾರ. ಸೋರಿದರೆ ಹೊಗೆಯಂತೆ ಮೇಲೇರಿ ಹೋಗುವುದಿಲ್ಲ. ನೆಲದ ಮೇಲೆ, ಮಂಚದ ಕೆಳಗೆ ಮಡುಗಟ್ಟಿ ಕಿಡಿಗಾಗಿ ಕಾಯುತ್ತದೆ. ಕೀಲುಗಳನ್ನು ಸೋಪಿನ ನೀರಿನಿಂದ ಪರೀಕ್ಷಿಸಬಹುದು. ಕಡ್ಡಿ ಗೀರಿ ನೋಡುವವರು ಎರಡನೆಯ ಸಲ ನೋಡಲು ಉಳಿಯುವುದಿಲ್ಲ. ಸೋರಿಕೆ ಕಂಡರೆ ಸಿಲಿಂಡರಿನ ಕವಾಟ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು, ಬಲ್ಲವರನ್ನು ಕರೆಯಬೇಕು. ಫ್ರಿಜ್ಜಿನ ಬಳಿ ಅಮೋನಿಯಾದ ಘಾಟು ಬಂದರೆ, ಇಲ್ಲವೇ ಅದರ ಬೆನ್ನಿನ ಕೊಳವೆಯ ಮೇಲೆ ಹಳದಿ ಪುಡಿ ಕಂಡರೆ ಕೂಡಲೇ ಆರಿಸಬೇಕು. ಅದರೊಳಗಿರುವ ಜಲಜನಕ ಉರಿಯುವ ಅನಿಲ.

ಇದಕ್ಕಿಂತ ಕಪಟಿ ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದೆ ಉರಿಯುವ ಯಾವುದೇ ಜ್ವಾಲೆ, ಸೋರುವ ಸೈಲೆನ್ಸರ್, ಬಿರುಕು ಬಿಟ್ಟ ಹೀಟರ್ ಇದನ್ನು ಹೊರಗೆ ಬಿಡಬಹುದು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ಮಂಪರು, ಮಲಗಿದವರು ಏಳುವುದೇ ಇಲ್ಲ. ಬರ್ನರಿನಲ್ಲಿ ಜೇಡ ಕಟ್ಟಿದ ಬಲೆ ಐಸ್ ಕರಗಿಸಿ ಸುಮ್ಮನಾಗುವುದಿಲ್ಲ ಎಂಬುದು ಈಗ ಅರ್ಥವಾಗುತ್ತದೆ. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಅಲಾರಂ ಪ್ರತಿ ಮೋಟಾರ್‌ಹೋಮ್‌ನಲ್ಲೂ ಇರಬೇಕು. ಅಲಾರಮ್ಮಿಗೂ ಆಯುಷ್ಯವಿದೆ; ಅದರ ಮೇಲೆ ಅಚ್ಚಾದ ದಿನಾಂಕ ದಾಟಿದರೆ ದೀಪ ಉರಿಯುತ್ತಿದ್ದರೂ ಅದನ್ನು ನಂಬುವಂತಿಲ್ಲ.

ಹುಡುಕುವ ಕ್ರಮ

ಹಳೆಯ ಗಾಡಿಯನ್ನು ಬಾಳಿಸಿಕೊಂಡು ಬಂದವರ ಅಭ್ಯಾಸಗಳನ್ನು ಒಟ್ಟು ಹಾಕಿದರೆ ನಾಲ್ಕು ಮಾತು ಸಿಗುತ್ತವೆ.

ಮೊದಲನೆಯದು, ಬರೆದಿಡುವುದು. ದೋಷ ಯಾವಾಗ ಬಂತು, ಆಗ ಬಿಸಿಲಿತ್ತೇ, ಚಳಿಯಿತ್ತೇ, ಗಾಡಿ ನಿಂತಿತ್ತೇ, ಇನ್ನೇನೇನು ಚಾಲೂ ಇತ್ತು? ‘ರಾತ್ರಿ ಮಾತ್ರ’ ಎಂಬ ಎರಡು ಪದ ನೋಟ್‌ಬುಕ್ಕಿನಲ್ಲಿ ಇದ್ದಿದ್ದರೆ ಆ ಕುಟುಂಬದ ಸಾವಿರ ಡಾಲರ್ ಉಳಿಯುತ್ತಿತ್ತು.

ಎರಡನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿದಾಗ ಗಾಡಿ ಸರಿಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ.

ಮೂರನೆಯದು, ಅರ್ಧ ಮಾಡುವುದು. ಬ್ಯಾಟರಿಯಿಂದ ದೀಪದವರೆಗೆ 16 ಕೀಲುಗಳಿವೆ, ಎಲ್ಲೋ ಒಂದು ಕಡೆ ತುಂಡಾಗಿದೆ ಎನ್ನೋಣ. ಒಂದೊಂದನ್ನೇ ನೋಡುತ್ತ ಹೋದರೆ 15 ಸಲ ಪರೀಕ್ಷಿಸಬೇಕಾದೀತು. ನಟ್ಟನಡುವೆ ಮೀಟರ್ ಹಿಡಿದರೆ? ಅಲ್ಲಿಯವರೆಗೆ ವಿದ್ಯುತ್ತು ಬಂದಿದ್ದರೆ ಮೊದಲ ಎಂಟು ನಿರ್ದೋಷಿಗಳು. ಉಳಿದ ಎಂಟನ್ನು ಮತ್ತೆ ಅರ್ಧ ಮಾಡಿ. ಎಂಟು, ನಾಲ್ಕು, ಎರಡು, ಒಂದು. ನಾಲ್ಕೇ ಪರೀಕ್ಷೆಗಳಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಕಂಪ್ಯೂಟರುಗಳು ಉದ್ದನೆಯ ಪಟ್ಟಿಯಲ್ಲಿ ಹೆಸರು ಹುಡುಕುವುದಕ್ಕೂ ಇದೇ ಉಪಾಯವನ್ನು ಬಳಸುತ್ತವೆ.

ನಾಲ್ಕನೆಯದು, ಅಗ್ಗದ ಪರೀಕ್ಷೆ ಮೊದಲು. ಮಟ್ಟದ ಪಟ್ಟಿ, ಸೋಪಿನ ನೀರು, ಮರಳುಕಾಗದ, ಒಂದು ಸಾಧಾರಣ ಮಲ್ಟಿಮೀಟರ್. ಇವು ಸೋತ ಮೇಲಷ್ಟೇ ಹೊಸ ಬಿಡಿಭಾಗದ ಮಾತು.

ಈ ಕ್ರಮವನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ, ಮೋಟಾರ್‌ಹೋಮ್ ಕೊಳ್ಳಬೇಕಿಲ್ಲ. ಈ ಭಾನುವಾರ ಮನೆಯಲ್ಲೇ ಮಕ್ಕಳೂ ಹಿರಿಯರೂ ಸೇರಿ ಅರ್ಧ ಗಂಟೆ ಕೂತರೆ ಸಾಕು. ಅಪ್ಪನ ಸ್ಕೂಟರಿನ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಹುಡುಕಿ, ಅದರ ಹುಟ್ಟಿದ ವಾರ ಲೆಕ್ಕ ಹಾಕಬಹುದು. ಯುಪಿಎಸ್ ಬ್ಯಾಟರಿಯ ನೀರಿನ ಮಟ್ಟವನ್ನು ದೊಡ್ಡವರ ಜೊತೆ ನಿಂತು ನೋಡಬಹುದು; ಒಳಗಿರುವುದು ಆಮ್ಲ, ಮಕ್ಕಳು ತಾವೇ ಮುಚ್ಚಳ ತೆಗೆಯಬಾರದು. ಗ್ಯಾಸ್ ಒಲೆಯ ಜ್ವಾಲೆ ನೀಲಿಯೋ ಹಳದಿಯೋ ಎಂದು ಅಮ್ಮನನ್ನು ಕೇಳಬಹುದು. ರಬ್ಬರ್ ಕೊಳವೆಯ ಮೇಲೆ ಅಚ್ಚಾದ ದಿನಾಂಕವನ್ನು ಓದಿ, ಅವಧಿ ಮೀರಿದ್ದರೆ ನಾಳೆಯೇ ಬದಲಿಸಬಹುದು.